ಹೆಸರು ಅಂಗಡಿಯದು, ತಯಾರಿಕೆ ಯಾರದು? ಸೂಪರ್‌ಮಾರ್ಕೆಟ್‌ಗಳ ಸ್ವಂತ ಬ್ರ್ಯಾಂಡಿನ ಒಳಗುಟ್ಟು

ಮೈಸೂರು, ಮಂಡ್ಯಗಳಲ್ಲಿ ತಿಂಗಳ ದಿನಸಿಯನ್ನು ಸೂಪರ್‌ಮಾರ್ಕೆಟ್‌ನಿಂದ ತರುವ ಮನೆಗಳು ಹೆಚ್ಚಿದ ಹಾಗೆಲ್ಲ ಒಂದು ಮಾತು ಬಾಯಿಂದ ಬಾಯಿಗೆ, ಮೊಬೈಲಿನಿಂದ ಮೊಬೈಲಿಗೆ ಹರಡುತ್ತಿದೆ. ಅಂಗಡಿಯವರು ತಮ್ಮದೇ ಹೆಸರು ಹಾಕಿ ಕಡಿಮೆ ಬೆಲೆಗೆ ಮಾರುವ ಬಿಸ್ಕತ್ತು, ಜಾಮ್, ಸೋಪು, ನೆಲ ಒರೆಸುವ ದ್ರವ ಇವೆಲ್ಲವೂ ಜಾಹೀರಾತಿನಲ್ಲಿ ದಿನವೂ ಕಾಣುವ ದೊಡ್ಡ ಕಂಪನಿಗಳ ಕಾರ್ಖಾನೆಯಲ್ಲೇ ತಯಾರಾಗುತ್ತವೆ, ಹೊದಿಕೆ ಮಾತ್ರ ಬೇರೆ, ಹಾಗಾಗಿ ಹೆಸರಾಂತ ಬ್ರ್ಯಾಂಡಿಗೆ ಹೆಚ್ಚು ದುಡ್ಡು ಕೊಡುವುದು ದಂಡ ಎಂಬುದು ಆ ಮಾತಿನ ಸಾರ. ಇದರಲ್ಲಿ ಒಂದು ಭಾಗ ನಿಜ. ಇನ್ನೊಂದು ಭಾಗ ಅವಸರದ ತೀರ್ಮಾನ. ಕಾರ್ಖಾನೆ ಒಂದೇ ಎಂಬುದು ಒಂದು ಸಂಗತಿ, ಒಳಗಿರುವ ಪದಾರ್ಥ ಒಂದೇ ಎಂಬುದು ಬೇರೆಯೇ ಸಂಗತಿ. ಇವೆರಡನ್ನೂ ಪೊಟ್ಟಣದ ಮೇಲಿನ ಬೇರೆ ಬೇರೆ ಸಾಲುಗಳು ಹೇಳುತ್ತವೆ. ಆ ಸಾಲುಗಳನ್ನು ಓದಲು ಬೇಕಾದ ಹಿನ್ನೆಲೆ ಇಲ್ಲಿದೆ.

ಸ್ವಂತ ಬ್ರ್ಯಾಂಡ್ ಎಂದರೆ ಏನು

ಒಂದು ಪೊಟ್ಟಣದ ಹಿಂದೆ ಮೂರು ನಾಲ್ಕು ಬೇರೆ ಬೇರೆ ಪಾತ್ರಗಳಿರುತ್ತವೆ. ಹೆಸರಿನ ಒಡೆತನ ಯಾರದೋ ಅವರು ಬ್ರ್ಯಾಂಡಿನ ಮಾಲೀಕರು. ಪದಾರ್ಥವನ್ನು ತಯಾರಿಸಿದವರು ತಯಾರಕರು. ತಯಾರಾದದ್ದನ್ನು ತೂಗಿ ಪೊಟ್ಟಣ ಕಟ್ಟಿದವರು ಪ್ಯಾಕರ್. ಮಾರುಕಟ್ಟೆಗೆ ತಲುಪಿಸುವವರು ಮಾರಾಟದಾರರು. ಈ ನಾಲ್ಕೂ ಪಾತ್ರಗಳನ್ನು ಒಂದೇ ಕಂಪನಿ ವಹಿಸಬಹುದು, ನಾಲ್ಕು ಕಂಪನಿಗಳು ಹಂಚಿಕೊಳ್ಳಲೂಬಹುದು. ಸರಕನ್ನು ಮಾರುವ ಅಂಗಡಿಯೇ ಹೆಸರಿನ ಒಡೆಯನೂ ಆಗಿದ್ದರೆ ಅದನ್ನು ಅಂಗಡಿಯ ಸ್ವಂತ ಬ್ರ್ಯಾಂಡ್ ಎನ್ನುತ್ತೇವೆ. ವ್ಯಾಪಾರದವರ ಬಾಯಲ್ಲಿ ಅದು ಪ್ರೈವೇಟ್ ಲೇಬಲ್. ಡಿಮಾರ್ಟ್‌ನ 'ಡಿಮಾರ್ಟ್ ಪ್ರೀಮಿಯಾ', ರಿಲಯನ್ಸ್ ಮಳಿಗೆಗಳ 'ಗುಡ್ ಲೈಫ್' ಮತ್ತು 'ಸ್ನ್ಯಾಕ್ ಟ್ಯಾಕ್', ಬಿಗ್‌ಬ್ಯಾಸ್ಕೆಟ್‌ನ 'ಬಿಬಿ ರಾಯಲ್' ಇವು ಆ ಬಗೆಯವು. ಹಿಂದೆ ಬಿಗ್ ಬಜಾರ್‌ನಲ್ಲಿ ಸಿಗುತ್ತಿದ್ದ 'ಟೇಸ್ಟಿ ಟ್ರೀಟ್' ಕೂಡ ಇದೇ ಸಾಲಿನದು.

ಹೆಸರಿನ ಒಡೆಯನೂ ತಯಾರಕನೂ ಬೇರೆ ಬೇರೆಯಾಗಿರುವುದು ನಮಗೆ ಹೊಸದೇನಲ್ಲ. ನಂದಿನಿ ಎಂಬ ಹೆಸರು ಕರ್ನಾಟಕ ಹಾಲು ಮಹಾಮಂಡಳಿಯದು. ಆದರೆ ಹಾಲನ್ನು ಸಂಗ್ರಹಿಸಿ, ಕಾಯಿಸಿ, ಪ್ಯಾಕೆಟ್ಟಿಗೆ ತುಂಬುವ ಕೆಲಸ ಜಿಲ್ಲಾ ಒಕ್ಕೂಟಗಳದು. ಮಂಡ್ಯದ ಹಾಲು ಒಕ್ಕೂಟದ ಡೇರಿ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿದೆ. ಮೈಸೂರಿಗೆ ಅದರದೇ ಒಕ್ಕೂಟವಿದೆ. ಎರಡೂ ಊರಿನ ಪ್ಯಾಕೆಟ್ಟಿನ ಮುಂಭಾಗದಲ್ಲಿ ಒಂದೇ ಹೆಸರಿದ್ದರೂ ಹಿಂಭಾಗದಲ್ಲಿ ಪ್ಯಾಕ್ ಮಾಡಿದ ಘಟಕದ ವಿಳಾಸ ಬೇರೆ. ಸೂಪರ್‌ಮಾರ್ಕೆಟ್‌ನ ಸ್ವಂತ ಬ್ರ್ಯಾಂಡಿನಲ್ಲೂ ಒಡೆತನ ಒಂದು ಕಡೆ, ತಯಾರಿಕೆ ಇನ್ನೊಂದು ಕಡೆ ಇರುತ್ತದೆ. ವ್ಯತ್ಯಾಸವೆಂದರೆ, ಹಾಲಿನ ಒಕ್ಕೂಟಗಳು ಒಂದೇ ಸಹಕಾರಿ ಕುಟುಂಬಕ್ಕೆ ಸೇರಿದವು ಮತ್ತು ಆ ಸಂಬಂಧ ಎಲ್ಲರಿಗೂ ಗೊತ್ತಿರುವಂಥದು. ಅಂಗಡಿಗೂ ಕಾರ್ಖಾನೆಗೂ ಇರುವುದು ಬರಿಯ ಕರಾರಿನ ಸಂಬಂಧ, ಅದನ್ನು ಹೇಳಿಕೊಳ್ಳುವ ಆಸಕ್ತಿ ಇಬ್ಬರಿಗೂ ಇರುವುದಿಲ್ಲ.

ಸರಕು ಅಂಗಡಿಗೆ ಬರುವ ದಾರಿಗಳು

'ದೊಡ್ಡ ಕಂಪನಿಯವರೇ ಮಾಡಿಕೊಡುತ್ತಾರೆ' ಎಂಬ ಮಾತು ನಾಲ್ಕು ಬೇರೆ ಬೇರೆ ವ್ಯವಸ್ಥೆಗಳನ್ನು ಒಂದೇ ಮಾಡಿಬಿಡುತ್ತದೆ.

ಬೇಳೆ, ಸಕ್ಕರೆ, ಅಕ್ಕಿ, ಸಾಸಿವೆಯಂಥ ಪದಾರ್ಥಗಳಲ್ಲಿ ದೊಡ್ಡ ಕಂಪನಿಯ ಪ್ರಶ್ನೆಯೇ ಸಾಮಾನ್ಯವಾಗಿ ಬರುವುದಿಲ್ಲ. ಗಿರಣಿಯಿಂದಲೋ ಸಗಟು ವ್ಯಾಪಾರಿಯಿಂದಲೋ ಮೂಟೆಯಲ್ಲಿ ಬಂದದ್ದನ್ನು ಆರಿಸಿ, ತೂಗಿ, ಅಂಗಡಿಯ ಹೆಸರಿನ ಪೊಟ್ಟಣಕ್ಕೆ ತುಂಬಲಾಗುತ್ತದೆ. ಮಂಡ್ಯದ ಆಲೆಮನೆಯ ಬೆಲ್ಲ ಮಾರುಕಟ್ಟೆಯ ಮೂಲಕ ವರ್ತಕರ ಕೈ ಸೇರಿ, ಎಲ್ಲೋ ಒಂದು ಕಡೆ ಚಂದದ ಪೊಟ್ಟಣ ತೊಟ್ಟು, ಬೇರೊಂದು ಹೆಸರಿನಲ್ಲಿ ಕಪಾಟಿಗೆ ಬರುವುದೂ ಇದೇ ದಾರಿಯಲ್ಲಿ. ಮೈಸೂರಿನ ಸಂತೆಪೇಟೆಯ ದಿನಸಿ ಅಂಗಡಿಯಲ್ಲಿ ಬೇಳೆಗೆ ಯಾವ ಹೆಸರೂ ಇರಲಿಲ್ಲ, ನಂಬಿಕೆ ಇದ್ದದ್ದು ಅಂಗಡಿಯವರ ಮೇಲೆ. ಆ ನಂಬಿಕೆಯನ್ನೇ ಈಗ ಪೊಟ್ಟಣದ ಮೇಲೆ ಅಚ್ಚು ಹಾಕಿಸಲಾಗಿದೆ ಎನ್ನಬಹುದು.

ಎರಡನೆಯದು, ಇತರರ ಹೆಸರಿಗೆ ಮಾಡಿಕೊಡುವುದನ್ನೇ ಕಸುಬಾಗಿಸಿಕೊಂಡ ಕಾರ್ಖಾನೆಗಳು. ಇವಕ್ಕೆ ಜನ ಗುರುತಿಸುವ ಹೆಸರು ಇರುವುದಿಲ್ಲ. ಅಮೆರಿಕದ ಟ್ರೀಹೌಸ್ ಫುಡ್ಸ್ ಎಂಬ ಕಂಪನಿ ಬೆಳೆದದ್ದೇ ಅಂಗಡಿಗಳ ಸ್ವಂತ ಬ್ರ್ಯಾಂಡಿಗೆ ಆಹಾರ ಪದಾರ್ಥ ತಯಾರಿಸಿಕೊಟ್ಟು.

ಮೂರನೆಯದು ಜನರ ಕಲ್ಪನೆಯಲ್ಲಿ ಇರುವ ದಾರಿ: ಹೆಸರಾಂತ ಕಂಪನಿಯೇ ತನ್ನ ಸ್ವಂತ ಕಾರ್ಖಾನೆಯಲ್ಲಿ ಅಂಗಡಿಗೂ ಮಾಡಿಕೊಡುವುದು. ಇದಕ್ಕೆ ಖಚಿತ ಉದಾಹರಣೆಗಳಿವೆ. ಅಮೆರಿಕದ ಕಾಸ್ಟ್‌ಕೋ ಮಳಿಗೆಗಳು 1995ರಲ್ಲಿ 'ಕರ್ಕ್‌ಲ್ಯಾಂಡ್ ಸಿಗ್ನೇಚರ್' ಎಂಬ ಸ್ವಂತ ಬ್ರ್ಯಾಂಡ್ ಆರಂಭಿಸಿದವು. ಆ ಹೆಸರಿನ ಬ್ಯಾಟರಿಗಳನ್ನು ತಯಾರಿಸುವುದು ಡ್ಯುರಾಸೆಲ್ ಎಂಬುದನ್ನು ಕಾಸ್ಟ್‌ಕೋದ ಮುಖ್ಯಸ್ಥರೇ ಹೇಳಿದ್ದರು. ಅದೇ ಹೆಸರಿನ ಕೆಲವು ಕಾಫಿ ಬೀಜದ ಚೀಲಗಳ ಮೇಲೆ, ಹುರಿದುಕೊಟ್ಟದ್ದು ಸ್ಟಾರ್‌ಬಕ್ಸ್ ಎಂದು ಅಚ್ಚಾಗಿಯೇ ಬರುತ್ತಿತ್ತು.

ನಾಲ್ಕನೆಯ ದಾರಿ ನಮ್ಮ ದೇಶದಲ್ಲಿ ಬಹಳ ಮುಖ್ಯ, ಆದರೆ ಚರ್ಚೆಗೆ ಬರುವುದು ಕಡಿಮೆ. ಹೆಸರಾಂತ ಕಂಪನಿಯೂ ತನ್ನ ಸರಕನ್ನು ತಾನೇ ತಯಾರಿಸದೆ ಮತ್ತೊಬ್ಬರಿಂದ ಮಾಡಿಸಿಕೊಳ್ಳುತ್ತದೆ. ಆ ಮತ್ತೊಬ್ಬರೇ ಬೇರೆ ಹೆಸರುಗಳಿಗೂ ಮಾಡಿಕೊಡುತ್ತಾರೆ. ಕ್ರೆಮಿಕಾ ಬಿಸ್ಕತ್ತು ಮತ್ತು ಇಂಗ್ಲಿಷ್ ಅವನ್ ಬ್ರೆಡ್ಡನ್ನು ತನ್ನ ಹೆಸರಿನಲ್ಲಿ ಮಾರುವ ಮಿಸೆಸ್ ಬೆಕ್ಟರ್ಸ್ ಫುಡ್ ಸ್ಪೆಷಾಲಿಟೀಸ್ ಕಂಪನಿ, ಮಾಂಡೆಲೀಜ್‌ಗಾಗಿ ಓರಿಯೊ ಬಿಸ್ಕತ್ತನ್ನೂ ತಯಾರಿಸಿಕೊಡುತ್ತಿದ್ದ ಸಂಗತಿ 2020ರಲ್ಲಿ ಅದು ಷೇರು ಮಾರುಕಟ್ಟೆಗೆ ಬಂದಾಗ ಎಲ್ಲರಿಗೂ ತೆರೆದ ದಾಖಲೆಯಾಯಿತು. ಹಿಂದೂಸ್ತಾನ್ ಫುಡ್ಸ್ ಎಂಬ ಕಂಪನಿಯ ಮುಖ್ಯ ಕಸುಬೇ ದೊಡ್ಡ ಕಂಪನಿಗಳ ಸರಕನ್ನು ಮಾಡಿಕೊಡುವುದು. ಪಾರ್ಲೆ-ಜಿ ಬಿಸ್ಕತ್ತು ಕೂಡ ಕಂಪನಿಯ ಸ್ವಂತ ಕಾರ್ಖಾನೆಗಳ ಜೊತೆಗೆ ದೇಶದ ಹಲವೆಡೆ ಗುತ್ತಿಗೆಯ ಘಟಕಗಳಲ್ಲಿ ತಯಾರಾಗುತ್ತದೆ. ಆದ್ದರಿಂದ 'ಹೆಸರಾಂತ ಕಂಪನಿ ಅಂಗಡಿಗೆ ಮಾಡಿಕೊಡುತ್ತಿದೆ' ಎಂದು ನಾವು ಅಂದುಕೊಳ್ಳುವಲ್ಲಿ, ಎಷ್ಟೋ ಸಲ, ಹೆಸರಾಂತ ಕಂಪನಿಯೂ ಅಂಗಡಿಯೂ ಒಬ್ಬನೇ ಮೂರನೆಯವನ ಗಿರಾಕಿಗಳಾಗಿರಬಹುದು.

ದಿನಸಿಯಾಚೆಗೂ ಇದು ನಡೆಯುತ್ತದೆ ಎನ್ನುವುದಕ್ಕೆ ಮೈಸೂರು, ಮಂಡ್ಯದವರು ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಸಾಕ್ಷಿಯಿದೆ. ಮಾರುತಿ ಸುಜುಕಿಯ ಹೆಸರಿನಲ್ಲಿ ಮಾರಾಟವಾಗುವ ಗ್ರ್ಯಾಂಡ್ ವಿಟಾರಾ ಕಾರು 2022ರಲ್ಲಿ ಮಾರುಕಟ್ಟೆಗೆ ಬಂದಾಗ ತಯಾರಾದದ್ದು ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ.

ಪ್ರತಿಸ್ಪರ್ಧಿಗೆ ಮಾಡಿಕೊಡಲು ಕಂಪನಿ ಒಪ್ಪುವುದೇಕೆ

ತನ್ನ ಬ್ರ್ಯಾಂಡಿನ ಪಕ್ಕದಲ್ಲೇ, ಅದಕ್ಕಿಂತ ಕಡಿಮೆ ಬೆಲೆಗೆ ನಿಲ್ಲುವ ಸರಕನ್ನು ಒಂದು ಕಂಪನಿ ತಾನೇ ಏಕೆ ಮಾಡಿಕೊಡಬೇಕು? ಉತ್ತರ ಕಾರ್ಖಾನೆಯ ಖರ್ಚಿನ ಸ್ವಭಾವದಲ್ಲಿದೆ. ಖರ್ಚು ಎರಡು ಬಗೆಯದು. ಹಿಟ್ಟು, ಸಕ್ಕರೆ, ಎಣ್ಣೆ, ಹೊದಿಕೆಗಳ ಖರ್ಚು ತಯಾರಾಗುವ ಪೊಟ್ಟಣಗಳ ಸಂಖ್ಯೆಯ ಜೊತೆಗೆ ಏರುತ್ತದೆ. ಕಟ್ಟಡ, ಯಂತ್ರ, ಸಾಲದ ಬಡ್ಡಿ, ಕಾಯಂ ನೌಕರರ ಸಂಬಳ ಇವು ಯಂತ್ರ ಓಡಿದರೂ ನಿಂತರೂ ಒಂದೇ.

ಲೆಕ್ಕ ತಿಳಿಯಲೆಂದು ಒಂದು ಊಹೆಯ ಬಿಸ್ಕತ್ತು ಕಾರ್ಖಾನೆಯನ್ನು ತೆಗೆದುಕೊಳ್ಳೋಣ. ಅದರ ಸ್ಥಿರ ಖರ್ಚು ದಿನಕ್ಕೆ 1 ಲಕ್ಷ ರೂಪಾಯಿ, ಒಂದು ಪೊಟ್ಟಣದ ಸಾಮಗ್ರಿಗೆ 8 ರೂಪಾಯಿ. ಕಾರ್ಖಾನೆ ತನ್ನದೇ ಹೆಸರಿನ 10,000 ಪೊಟ್ಟಣ ಮಾಡಿದರೆ ಪ್ರತಿಯೊಂದರ ಮೇಲೂ 10 ರೂಪಾಯಿ ಸ್ಥಿರ ಖರ್ಚು ಬಿದ್ದು ಅಸಲು 18 ರೂಪಾಯಿ ಆಗುತ್ತದೆ. ಯಂತ್ರಕ್ಕೆ ಇನ್ನೂ 10,000 ಪೊಟ್ಟಣ ಮಾಡುವ ಶಕ್ತಿಯಿದ್ದು ಅದು ಸುಮ್ಮನೆ ನಿಂತಿದೆ. ಆಗ ಒಂದು ಸೂಪರ್‌ಮಾರ್ಕೆಟ್ ಬಂದು, 10,000 ಪೊಟ್ಟಣವನ್ನು ತಲಾ 14 ರೂಪಾಯಿಗೆ ಕೊಳ್ಳುತ್ತೇನೆ ಎನ್ನುತ್ತದೆ. ಅಸಲು 18 ಇರುವಾಗ 14ಕ್ಕೆ ಕೊಟ್ಟರೆ ನಷ್ಟ ಎಂದು ಮೇಲುನೋಟಕ್ಕೆ ಕಂಡರೂ ಹಾಗಲ್ಲ. ಹೆಚ್ಚುವರಿ ಪೊಟ್ಟಣಕ್ಕೆ ಹೊಸದಾಗಿ ಆಗುವ ಖರ್ಚು ಸಾಮಗ್ರಿಯ 8 ರೂಪಾಯಿ ಮಾತ್ರ. ಉಳಿದ 6 ರೂಪಾಯಿಯಂತೆ ದಿನಕ್ಕೆ 60,000 ರೂಪಾಯಿ ಸ್ಥಿರ ಖರ್ಚನ್ನು ತೀರಿಸಲು ಒದಗುತ್ತದೆ. ಆಗ ಕಾರ್ಖಾನೆಯ ಹೆಸರಿನ ಪೊಟ್ಟಣಗಳು ಹೊರಬೇಕಾದ ಸ್ಥಿರ ಖರ್ಚು 1 ಲಕ್ಷದಿಂದ 40,000ಕ್ಕೆ, ಅಂದರೆ ಪೊಟ್ಟಣಕ್ಕೆ 4 ರೂಪಾಯಿಗೆ ಇಳಿಯುತ್ತದೆ. ನಿಂತ ಯಂತ್ರ ಓಡಿದ್ದರಿಂದ ಕಂಪನಿಯ ಸ್ವಂತ ಸರಕಿಗೂ ಲಾಭವಾಯಿತು.

ಬೇರೆ ಕಾರಣಗಳೂ ಇವೆ. ಈ ಕಂಪನಿ ಒಲ್ಲೆನೆಂದರೆ ಅಂಗಡಿಯವರು ಎದುರಾಳಿ ಕಂಪನಿಯ ಬಾಗಿಲು ತಟ್ಟುತ್ತಾರೆ. ಸರಕಂತೂ ಕಪಾಟಿಗೆ ಬಂದೇ ಬರುತ್ತದೆ. ನೂರಾರು ಮಳಿಗೆಗಳಿರುವ ಅಂಗಡಿಯ ಜೊತೆಗಿನ ಸಂಬಂಧ ಚೆನ್ನಾಗಿದ್ದರೆ ಕಂಪನಿಯ ಸ್ವಂತ ಬ್ರ್ಯಾಂಡಿಗೂ ಕಣ್ಣಳತೆಯ ಒಳ್ಳೆಯ ಜಾಗ ಸಿಗುವ ನಿರೀಕ್ಷೆಯಿರುತ್ತದೆ. ಹಾಗೆಂದು ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ. ತಾವು ಬೇರೆ ಯಾರಿಗೂ ಉಪಾಹಾರದ ಧಾನ್ಯ ತಯಾರಿಸಿಕೊಡುವುದಿಲ್ಲ ಎಂಬುದನ್ನು ಕೆಲ್ಲಾಗ್ಸ್ ಬ್ರಿಟನ್ನಿನಲ್ಲಿ ಜಾಹೀರಾತಿನ ವಿಷಯವಾಗಿಯೇ ಮಾಡಿಕೊಂಡಿತ್ತು.

ಬೆಲೆ ಇಳಿಯುವುದು ಎಲ್ಲಿ

ಅಂಗಡಿಯ ಸ್ವಂತ ಬ್ರ್ಯಾಂಡ್ ಅಗ್ಗವಾಗಿದ್ದ ಮಾತ್ರಕ್ಕೆ ಅದರಲ್ಲಿ ಕಳಪೆ ಸಾಮಗ್ರಿ ಇದೆ ಎನ್ನುವಂತಿಲ್ಲ. ಹೆಸರಾಂತ ಬ್ರ್ಯಾಂಡಿನ ಸರಕು ಕಾರ್ಖಾನೆಯಿಂದ ಕಂಪನಿಯ ಗೋದಾಮಿಗೆ, ಅಲ್ಲಿಂದ ಊರಿನ ಡಿಸ್ಟ್ರಿಬ್ಯೂಟರ್ ಬಳಿಗೆ, ಅವರ ಸೇಲ್ಸ್‌ಮನ್‌ಗಳ ಮೂಲಕ ಅಂಗಡಿಗೆ ಬರುತ್ತದೆ. ಪ್ರತಿ ಹಂತದಲ್ಲೂ ಒಂದಿಷ್ಟು ಲಾಭಾಂಶ ಸೇರುತ್ತದೆ. ಜೊತೆಗೆ ಟಿ.ವಿ., ಕ್ರಿಕೆಟ್, ಸಿನಿಮಾ ತಾರೆಯರ ಜಾಹೀರಾತಿನ ಖರ್ಚಿದೆ. ಸ್ವಂತ ಬ್ರ್ಯಾಂಡು ಕಾರ್ಖಾನೆಯಿಂದ ನೇರವಾಗಿ ಅಂಗಡಿಯ ಗೋದಾಮಿಗೆ ಬರುತ್ತದೆ, ಜಾಹೀರಾತು ಬಹುಮಟ್ಟಿಗೆ ಇರುವುದಿಲ್ಲ. ಈ ಉಳಿತಾಯದಲ್ಲಿ ಒಂದು ಪಾಲನ್ನು ಅಂಗಡಿ ಗಿರಾಕಿಗೆ ಬಿಟ್ಟುಕೊಟ್ಟು, ಇನ್ನೊಂದು ಪಾಲನ್ನು ತಾನು ಇಟ್ಟುಕೊಳ್ಳುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಸ್ವಂತ ಬ್ರ್ಯಾಂಡಿನ ಗರಿಷ್ಠ ಮಾರಾಟ ಬೆಲೆ, ಅಂದರೆ ಎಂ.ಆರ್.ಪಿ. ಎಷ್ಟಿರಬೇಕೆಂದು ನಿರ್ಧರಿಸುವುದೂ ಹೆಸರಿನ ಒಡೆಯನಾದ ಅಂಗಡಿಯೇ. ಆದ್ದರಿಂದ 'ಶೇ 40 ರಿಯಾಯಿತಿ' ಎಂಬ ಫಲಕ ಅಗ್ಗವನ್ನು ಅಳೆಯುವ ಅಳತೆಯಾಗಲಾರದು. ಪೊಟ್ಟಣದ ಮೇಲೆ ಈಗ ಕಡ್ಡಾಯವಾಗಿರುವ, ಗ್ರಾಂಗೆ ಅಥವಾ ಕಿಲೋಗೆ ಇಷ್ಟು ಎಂಬ ಯೂನಿಟ್ ಬೆಲೆಯೂ ಎಂ.ಆರ್.ಪಿ. ಆಧಾರದ್ದೇ. ನಿಜವಾಗಿ ಕೊಡುವ ಹಣವನ್ನು ತೂಕದಿಂದ ಭಾಗಿಸಿ, ಪಕ್ಕದ ಬ್ರ್ಯಾಂಡಿನದನ್ನೂ ಹಾಗೆಯೇ ಲೆಕ್ಕ ಹಾಕಿ ಹೋಲಿಸಿದರೆ ಮಾತ್ರ ಯಾವುದು ಅಗ್ಗ ಎಂಬುದು ತಿಳಿಯುತ್ತದೆ.

ಕಾರ್ಖಾನೆ ಒಂದೇ ಆದರೆ ಪದಾರ್ಥವೂ ಒಂದೇ ಆಗುತ್ತದೆಯೆ

ಹರಿದಾಡುವ ಸಂದೇಶಗಳು ತಪ್ಪುವುದು ಇಲ್ಲಿ. ಮದುವೆಯ ಅಡುಗೆಗೆ ಊರಿನಲ್ಲಿ ಹೆಸರು ಮಾಡಿದ ಒಬ್ಬರೇ ಭಟ್ಟರನ್ನು ಎರಡು ಮನೆಯವರು ಕರೆಸುತ್ತಾರೆ ಎಂದುಕೊಳ್ಳಿ. ಒಂದು ಮನೆಯವರು ತುಪ್ಪ, ಗೋಡಂಬಿ, ಒಳ್ಳೆಯ ಬೇಳೆಯನ್ನು ಧಾರಾಳವಾಗಿ ತಂದಿಟ್ಟು ಇಷ್ಟೇ ಜನಕ್ಕೆ ಎನ್ನುತ್ತಾರೆ. ಇನ್ನೊಂದು ಮನೆಯವರು ಡಾಲ್ಡಾ ಸಾಕೆಂದು, ಗೋಡಂಬಿ ಬದಲು ಕಡಲೆಬೀಜವೆಂದು ಸಾಮಾನಿನ ಪಟ್ಟಿಯನ್ನು ತಿದ್ದುತ್ತಾರೆ. ಸೌಟು ಹಿಡಿದ ಕೈ ಒಂದೇ, ಪಾತ್ರೆಯೂ ಒಂದೇ. ಎಲೆಯ ಮೇಲೆ ಬಿದ್ದದ್ದು ಒಂದೇ ಅಲ್ಲ. ಕಾರ್ಖಾನೆಯ ಮಟ್ಟಿಗೆ ಈ ಸಾಮಾನಿನ ಪಟ್ಟಿಯೇ ಅಂಗಡಿಯವರು ಕರಾರಿನ ಜೊತೆ ಕೊಡುವ ವಿವರಪಟ್ಟಿ. ಅದರಲ್ಲಿ ಎಷ್ಟು ಕೊಬ್ಬು, ಎಷ್ಟು ಸಕ್ಕರೆ, ಯಾವ ಎಣ್ಣೆ, ಹೊದಿಕೆಯ ದಪ್ಪ ಎಷ್ಟು, ಪುಡಿಯಾದದ್ದು ಎಷ್ಟರವರೆಗೆ ಇರಬಹುದು ಎಂಬುದೆಲ್ಲ ಬರೆದಿರುತ್ತದೆ. ಅದು ಹೆಸರಾಂತ ಬ್ರ್ಯಾಂಡಿನ ಪಟ್ಟಿಗೆ ಸಮನಾಗಿರಬಹುದು, ಕೆಳಗಿರಬಹುದು, ಕೆಲವೊಮ್ಮೆ ಮೇಲೂ ಇರಬಹುದು. ವಿವರಪಟ್ಟಿ ಕೊಡದೆ, ಕಾರ್ಖಾನೆಯಲ್ಲಿ ಆಗಲೇ ಸಿದ್ಧವಿರುವ ಒಂದೇ ಸರಕನ್ನು ಹಲವು ಅಂಗಡಿಗಳು ತಮ್ಮ ತಮ್ಮ ಚೀಟಿ ಅಂಟಿಸಿ ಮಾರುವ ಪದ್ಧತಿಯೂ ಉಂಟು. ಅದಕ್ಕೆ ವೈಟ್ ಲೇಬಲ್ ಎನ್ನುತ್ತಾರೆ. ಆ ಪದ್ಧತಿಯಲ್ಲಿ ಮಾತ್ರ 'ಹೊದಿಕೆ ಬೇರೆ, ಒಳಗಿರುವುದು ಒಂದೇ' ಎಂಬ ಮಾತು ಅಕ್ಷರಶಃ ನಿಜವಾಗುತ್ತದೆ.

ಸೋಪನ್ನು ನೋಡೋಣ. ಸ್ನಾನದ ಸೋಪಿಗೆ ಭಾರತೀಯ ಮಾನಕ ಬ್ಯೂರೋ ಮೂರು ದರ್ಜೆಗಳನ್ನು ಗೊತ್ತುಮಾಡಿದೆ. ಒಟ್ಟು ಕೊಬ್ಬಿನಾಮ್ಲದ ಅಂಶ, ಅಂದರೆ ಟಿ.ಎಫ್.ಎಂ., ಒಂದನೇ ದರ್ಜೆಗೆ ಕನಿಷ್ಠ ಶೇ 76, ಎರಡನೆಯದಕ್ಕೆ ಶೇ 70, ಮೂರನೆಯದಕ್ಕೆ ಶೇ 60 ಇರಬೇಕು. 'ಬೇದಿಂಗ್ ಬಾರ್' ಎಂದು ಬರೆದಿದ್ದರೆ ಅದು ಈ ದರ್ಜೆಗಳ ಹೊರಗಿನ, ಕೊಬ್ಬಿನಾಮ್ಲ ಇನ್ನೂ ಕಡಿಮೆ ಇರಬಹುದಾದ ಬಗೆ. ಒಂದೇ ಕಾರ್ಖಾನೆ ಬೆಳಿಗ್ಗೆ ಒಂದನೇ ದರ್ಜೆಯ ಸೋಪನ್ನೂ ಮಧ್ಯಾಹ್ನ ಮೂರನೇ ದರ್ಜೆಯದನ್ನೂ ಒತ್ತಿ ತೆಗೆಯಬಲ್ಲದು. ಎರಡರಲ್ಲೂ ಒಂದೇ ತಯಾರಕರ ವಿಳಾಸವಿರುತ್ತದೆ, ಟಿ.ಎಫ್.ಎಂ. ಅಂಕಿ ಬೇರೆಯಿರುತ್ತದೆ.

ಆಹಾರದಲ್ಲೂ ಕಾನೂನು ಹೇಳುವುದು ಕನಿಷ್ಠ ಮಟ್ಟವನ್ನು ಮಾತ್ರ. ಟೊಮೆಟೊ ಕೆಚಪ್‌ನಲ್ಲಿ ಕರಗಿರುವ ಘನಾಂಶ ಕನಿಷ್ಠ ಶೇ 25 ಇರಬೇಕು ಎನ್ನುವುದು ನಿಯಮ. ಆ ಘನಾಂಶ ಟೊಮೆಟೊದಿಂದಲೂ ಬರುತ್ತದೆ, ಸಕ್ಕರೆಯಿಂದಲೂ ಬರುತ್ತದೆ. ಎರಡು ಸೀಸೆಗಳೂ ನಿಯಮದೊಳಗೇ ಇದ್ದು, ಒಂದರಲ್ಲಿ ಟೊಮೆಟೊ ಹೆಚ್ಚಿಗೆ, ಇನ್ನೊಂದರಲ್ಲಿ ಸಕ್ಕರೆ ಹೆಚ್ಚಿಗೆ ಇರುವುದು ಸಾಧ್ಯ. ಜಾಮಿನಲ್ಲಿ ಸಾಮಾನ್ಯವಾಗಿ ಹಣ್ಣಿನ ಅಂಶ ಶೇ 45ಕ್ಕಿಂತ ಕಡಿಮೆಯಿರಬಾರದು. ಅದಕ್ಕಿಂತ ಎಷ್ಟು ಹೆಚ್ಚಿರಬೇಕು ಎಂಬುದು ತಯಾರಿಸುವವರ ಮತ್ತು ಮಾಡಿಸುವವರ ಆಯ್ಕೆ. ಐಸ್‌ಕ್ರೀಮಿಗೆ ಹಾಲಿನ ಕೊಬ್ಬು ಬೇಕು. ಸಸ್ಯದ ಎಣ್ಣೆಯಿಂದ ಮಾಡಿದ್ದರೆ ಅದನ್ನು 'ಫ್ರೋಜನ್ ಡೆಸರ್ಟ್' ಎಂದೇ ಬರೆಯಬೇಕು. ಎರಡೂ ಒಂದೇ ಕಾರ್ಖಾನೆಯಿಂದ ಬರಬಹುದು, ಡಬ್ಬಿಯ ಮೇಲಿನ ಚಿತ್ರವೂ ಒಂದೇ ಥರ ಇರಬಹುದು.

ಈ ವ್ಯತ್ಯಾಸವನ್ನು ತೋರಿಸಿಕೊಡುವುದು ಪದಾರ್ಥಗಳ ಪಟ್ಟಿ. ಯಾವುದು ಹೆಚ್ಚಿದೆಯೋ ಅದು ಮೊದಲು ಎಂಬಂತೆ ಇಳಿಕೆಯ ಕ್ರಮದಲ್ಲಿ ಅದನ್ನು ಬರೆಯಬೇಕು ಎಂಬುದು ನಿಯಮ. ಅಂಗಡಿಯ ಬಿಸ್ಕತ್ತಿನಲ್ಲಿ ಮೈದಾದ ನಂತರ ಪಾಮೊಲಿನ್ ಎಣ್ಣೆ, ಹೆಸರಾಂತ ಬಿಸ್ಕತ್ತಿನಲ್ಲಿ ಮೈದಾದ ನಂತರ ಸಕ್ಕರೆ, ಆಮೇಲೆ ಬೆಣ್ಣೆ ಎಂದಿದ್ದರೆ, ವಿಳಾಸ ಒಂದೇ ಆಗಿದ್ದರೂ ಅವು ಎರಡು ಬೇರೆ ತಿನಿಸುಗಳು. ಪಟ್ಟಿಯ ಕ್ರಮ, ಆವರಣದಲ್ಲಿ ಕೊಟ್ಟಿರುವ ಶೇಕಡಾವಾರು, 100 ಗ್ರಾಂಗೆ ಎಷ್ಟು ಸಕ್ಕರೆ, ಕೊಬ್ಬು, ಉಪ್ಪು ಎಂಬ ಪೋಷಕಾಂಶದ ಕೋಷ್ಟಕ ಈ ಮೂರೂ ಹೊಂದಿದರೆ ಎರಡು ಪೊಟ್ಟಣಗಳು ತೀರ ಹತ್ತಿರದವು ಎನ್ನಬಹುದು. ಸಕ್ಕರೆ, ಅಯೋಡಿನ್ ಸೇರಿಸಿದ ಉಪ್ಪು, ಒಂದೇ ಬಗೆಯ ರಿಫೈನ್ಡ್ ಎಣ್ಣೆಯಂಥ ಪದಾರ್ಥಗಳಲ್ಲಿ ಪಾಕವಿಧಾನ ಎಂಬುದೇ ಇಲ್ಲದಿರುವುದರಿಂದ ಹೆಸರಿಗಾಗಿ ಹೆಚ್ಚು ಕೊಡಬೇಕಾದ ಕಾರಣ ಬಹಳ ಕಡಿಮೆ. ಚಹಾ ಪುಡಿ, ಮಸಾಲೆ ಪುಡಿ, ಚಾಕೊಲೇಟಿನಲ್ಲಿ ಬೆರಕೆಯೇ ಎಲ್ಲವೂ ಆಗಿರುವುದರಿಂದ ಹೋಲಿಕೆ ಅಷ್ಟು ಸುಲಭವಲ್ಲ. ಅಲ್ಲಿ ನಾಲಿಗೆಯೇ ತೀರ್ಪು ಕೊಡಬೇಕು.

ಗುಟ್ಟು ಎಷ್ಟರ ಮಟ್ಟಿಗೆ ಗುಟ್ಟು

ತಯಾರಕ ಕಂಪನಿ ಬಾಯಿ ಬಿಡದಿರುವುದಕ್ಕೆ ಕಾರಣ ಸರಳ: ಪಕ್ಕದ ಅಗ್ಗದ ಪೊಟ್ಟಣವೂ ತನ್ನದೇ ಎಂದು ಗೊತ್ತಾದರೆ ತನ್ನ ಬ್ರ್ಯಾಂಡಿಗೆ ಹೆಚ್ಚು ಬೆಲೆ ಕೊಡುವವರು ಹಿಂಜರಿಯುತ್ತಾರೆ. ಅಂಗಡಿಗೂ ಮೌನವೇ ಅನುಕೂಲ, ಏಕೆಂದರೆ ಮುಂದಿನ ವರ್ಷ ಬೇರೊಬ್ಬ ತಯಾರಕನ ಬಳಿ ಹೋಗುವ ಸ್ವಾತಂತ್ರ್ಯ ಉಳಿಯುತ್ತದೆ. ಹಾಗಾಗಿ ಇಂಥ ಕರಾರುಗಳಲ್ಲಿ ಗೋಪ್ಯತೆಯ ಷರತ್ತು ಸಾಮಾನ್ಯ.

ಆದರೆ ಗೋಪ್ಯತೆ ದೇಶದ ಕಾನೂನನ್ನು ಮೀರುವಂತಿಲ್ಲ. ಅಮೆರಿಕದಲ್ಲಿ, ಯಾರಿಗಾಗಿ ತಯಾರಾಯಿತು ಅಥವಾ ಯಾರು ವಿತರಿಸಿದರು ಎಂದಷ್ಟೇ ಬರೆದರೆ ಸಾಕಾಗುವುದರಿಂದ ತಯಾರಕರ ಹೆಸರು ಪೂರ್ತಿ ಮರೆಯಲ್ಲಿ ಉಳಿಯಬಹುದು. ನಮ್ಮಲ್ಲಿ 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳು ತಯಾರಕರ ಮತ್ತು, ಅವರು ಬೇರೆಯಾಗಿದ್ದರೆ, ಪ್ಯಾಕರ್‌ನ ಹೆಸರು ವಿಳಾಸವನ್ನು ಕೇಳುತ್ತವೆ. 2020ರ ಆಹಾರ ಲೇಬಲ್ ನಿಯಮಗಳ ಪ್ರಕಾರ ಬ್ರ್ಯಾಂಡಿನ ಮಾಲೀಕರ ಹೆಸರು ವಿಳಾಸ ಇರಬೇಕು. ತಯಾರಿಸಿದವರು ಬೇರೆಯಾಗಿದ್ದರೆ, ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಅವರಿಗೆ ಕೊಟ್ಟ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆಯನ್ನೂ ತೋರಿಸಬೇಕು. ಅಂದರೆ ಇಲ್ಲಿ ಗುಟ್ಟು ಪೊಟ್ಟಣದ ಹಿಂಭಾಗದಲ್ಲಿ, ಭೂತಗನ್ನಡಿ ಬೇಡುವಷ್ಟು ಸಣ್ಣ ಅಕ್ಷರದಲ್ಲಿ ಅಚ್ಚಾಗಿಯೇ ಇರುತ್ತದೆ.

ಓದುವ ಕ್ರಮ ಹೀಗೆ. ಮೊದಲು 'ಮಾರ್ಕೆಟೆಡ್ ಬೈ' ಎಂಬುದನ್ನು ಬಿಟ್ಟು 'ಮ್ಯಾನುಫ್ಯಾಕ್ಚರ್ಡ್ ಬೈ' ಅಥವಾ 'ಪ್ಯಾಕ್ಡ್ ಬೈ' ಎಂಬ ಸಾಲನ್ನು ಹುಡುಕಿ. ಎರಡು ಮೂರು ವಿಳಾಸಗಳನ್ನು ಎ, ಬಿ, ಸಿ ಎಂದು ಗುರುತಿಸಿ ಕೊಟ್ಟಿದ್ದರೆ, ನಿಮ್ಮ ಕೈಯಲ್ಲಿರುವ ಪೊಟ್ಟಣ ಯಾವ ಘಟಕದ್ದು ಎಂಬುದನ್ನು ಬ್ಯಾಚ್ ನಂಬರಿನಲ್ಲಿರುವ ಅಕ್ಷರ ಹೇಳುತ್ತದೆ. ಯಾವ ಅಕ್ಷರ ನೋಡಬೇಕೆಂದು ವಿಳಾಸಗಳ ಪಕ್ಕದಲ್ಲೇ ಬರೆದಿರುತ್ತಾರೆ. ತಯಾರಕರ ಹೆಸರು ನಿಮಗೆ ಪರಿಚಯವಿಲ್ಲದಿದ್ದರೆ ಆಶ್ಚರ್ಯವಿಲ್ಲ, ಜನಪ್ರಿಯ ಬ್ರ್ಯಾಂಡಿಗೂ ಅದನ್ನು ತಯಾರಿಸುವ ಕಂಪನಿಗೂ ಹೆಸರಿನಲ್ಲಿ ಹೋಲಿಕೆ ಇರಲೇಬೇಕೆಂದಿಲ್ಲ. ನಂಜನಗೂಡು, ಹೂಟಗಳ್ಳಿ, ಸೋಮನಹಳ್ಳಿ ಎಂದು ಕೈಗಾರಿಕಾ ಪ್ರದೇಶದ ಹೆಸರು ಹೊಂದಿದ ಮಾತ್ರಕ್ಕೆ ಕಾರ್ಖಾನೆ ಒಂದೇ ಎಂದುಕೊಳ್ಳಬಾರದು. ಅಂಥ ಒಂದೊಂದು ಪ್ರದೇಶದಲ್ಲೂ ಹಲವು ಕಾರ್ಖಾನೆಗಳಿರುತ್ತವೆ.

ಖಚಿತವಾದ ಗುರುತೆಂದರೆ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ. ಅದರ ಮೊದಲ ಅಂಕಿ 1 ಆಗಿದ್ದರೆ ಪರವಾನಗಿ, 2 ಆಗಿದ್ದರೆ ಸಣ್ಣ ಉದ್ಯಮದ ನೋಂದಣಿ. ಮುಂದಿನ ಎರಡು ಅಂಕಿಗಳು ರಾಜ್ಯದವು. ಕರ್ನಾಟಕಕ್ಕೆ 12, ಕೇಂದ್ರದ ಪರವಾನಗಿಗೆ 00. ಆಮೇಲಿನ ಎರಡು, ವರ್ಷವನ್ನು ಸೂಚಿಸುತ್ತವೆ. ಪ್ರಾಧಿಕಾರದ 'ಫಾಸ್ಕಾಸ್' ಜಾಲತಾಣದಲ್ಲಿ ಈ ಸಂಖ್ಯೆಯನ್ನು ಹಾಕಿದರೆ ಪರವಾನಗಿ ಯಾರ ಹೆಸರಿನಲ್ಲಿದೆ, ಚಾಲ್ತಿಯಲ್ಲಿದೆಯೆ ಎಂಬುದು ಕಾಣುತ್ತದೆ. ಒಂದೇ ಪೊಟ್ಟಣದ ಮೇಲೆ ಎರಡು ಸಂಖ್ಯೆಗಳಿದ್ದರೆ ಒಂದು ಬ್ರ್ಯಾಂಡಿನ ಮಾಲೀಕರದು, ಇನ್ನೊಂದು ತಯಾರಕರದು. ಅಂಗಡಿಯ ಪೊಟ್ಟಣದ ತಯಾರಕರ ಸಂಖ್ಯೆಯೂ ಹೆಸರಾಂತ ಬ್ರ್ಯಾಂಡಿನ ತಯಾರಕರ ಸಂಖ್ಯೆಯೂ 14 ಅಂಕಿಗಳಲ್ಲಿ ಒಂದೇ ಆಗಿದ್ದರೆ ಆಗ ಮಾತ್ರ, ಎರಡೂ ಒಂದೇ ಪರವಾನಗಿಯ ಘಟಕದಿಂದ ಬಂದವು ಎಂದು ಹೇಳಬಹುದು. ಸೋಪಿನಂಥ ಸೌಂದರ್ಯವರ್ಧಕಗಳಲ್ಲಿ ಈ ಸಂಖ್ಯೆ ಇರುವುದಿಲ್ಲ. ಅಲ್ಲಿ ತಯಾರಿಕಾ ಪರವಾನಗಿಯ ಸಂಖ್ಯೆಯನ್ನು ಹೋಲಿಸಬೇಕು.

ಗುಟ್ಟು ಒಮ್ಮೆಲೇ ಬಯಲಾದ ವರ್ಷ

ಒಂದೇ ಕಾರ್ಖಾನೆ ಎಷ್ಟು ಹೆಸರುಗಳ ಹಿಂದೆ ನಿಂತಿರಬಹುದು ಎಂಬುದನ್ನು ಜಗತ್ತು ಸ್ಪಷ್ಟವಾಗಿ ಕಂಡದ್ದು 2007ರ ಮಾರ್ಚ್‌ನಲ್ಲಿ. ಕೆನಡಾದ ಮೆನು ಫುಡ್ಸ್ ಎಂಬ ಕಂಪನಿ ಅಮೆರಿಕ ಖಂಡದ ಹಲವು ಬ್ರ್ಯಾಂಡುಗಳಿಗೆ ನಾಯಿ, ಬೆಕ್ಕುಗಳ ಆಹಾರ ತಯಾರಿಸಿಕೊಡುತ್ತಿತ್ತು. ಚೀನಾದಿಂದ ತರಿಸಿದ ಗೋಧಿ ಅಂಟಿನಲ್ಲಿ ಮೆಲಮೈನ್ ಎಂಬ ರಾಸಾಯನಿಕ ಬೆರೆತಿತ್ತು. ಅದನ್ನು ತಿಂದ ಸಾಕುಪ್ರಾಣಿಗಳ ಮೂತ್ರಪಿಂಡ ಕೆಟ್ಟು, ಹಲವು ಸತ್ತವು. ಕಂಪನಿ 6 ಕೋಟಿ ಡಬ್ಬಿ ಮತ್ತು ಪೊಟ್ಟಣಗಳನ್ನು ವಾಪಸು ಕರೆಸಬೇಕಾಯಿತು. ವಾಪಸಾತಿಯ ಪಟ್ಟಿ ಹೊರಬಿದ್ದಾಗ ಅದರಲ್ಲಿ ವಾಲ್‌ಮಾರ್ಟ್‌ನ ಅಗ್ಗದ ಸ್ವಂತ ಬ್ರ್ಯಾಂಡ್ 'ಓಲ್ ರಾಯ್' ಇತ್ತು. ದುಬಾರಿಯೆಂದೇ ಹೆಸರಾದ 'ಐಯಾಮ್ಸ್', 'ಯೂಕಾನುಬಾ' ಕೂಡ ಇದ್ದವು. ಹೆಚ್ಚು ಹಣ ಕೊಟ್ಟು ಬೇರೆಯದನ್ನು ಆರಿಸಿಕೊಂಡೆವು ಎಂದುಕೊಂಡಿದ್ದವರ ಮನೆಗೂ ಆಹಾರ ಅದೇ ಕಂಪನಿಯಿಂದ ಬಂದಿತ್ತು. ಪಾಕವಿಧಾನಗಳು ಬೇರೆಯಾಗಿದ್ದರೂ ಕೆಟ್ಟ ಸಾಮಗ್ರಿ ಒಂದೇ ಬಾಗಿಲಿನಿಂದ ಎಲ್ಲದರೊಳಗೂ ಹೊಕ್ಕಿತ್ತು. ತಯಾರಕರ ವಿಳಾಸ ಮತ್ತು ಬ್ಯಾಚ್ ನಂಬರು ಪೊಟ್ಟಣದ ಮೇಲೆ ಇರಲೇಬೇಕಾದ ಕಾರಣ ಇದೇ: ಯಾವುದಾದರೂ ಸರಕನ್ನು ವಾಪಸು ಕರೆದ ದಿನ, ಮನೆಯ ಕಪಾಟಿನಲ್ಲಿರುವುದು ಆ ಗುಂಪಿನದೇ ಅಲ್ಲವೇ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಸರಕು ಕೆಟ್ಟಿದ್ದರೆ ಹೊಣೆ ಯಾರದು

'ನಾವು ಮಾರುವವರು ಅಷ್ಟೇ, ತಯಾರಿಸಿದವರನ್ನು ಕೇಳಿ' ಎಂದು ಅಂಗಡಿ ಕೈ ತೊಳೆದುಕೊಳ್ಳಬಹುದೇ ಎಂಬ ಪ್ರಶ್ನೆಗೆ 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸ್ಪಷ್ಟ ಉತ್ತರ ಕೊಡುತ್ತದೆ. ಬೇರೆಯವರು ತಯಾರಿಸಿದ ಸರಕಿನ ಮೇಲೆ ತನ್ನ ಗುರುತನ್ನು ಹಾಕುವವರನ್ನು ಅಥವಾ ಹಾಕಿಸುವವರನ್ನೂ ಆ ಕಾಯ್ದೆ ತಯಾರಕರೆಂದೇ ಪರಿಗಣಿಸುತ್ತದೆ. ಆದ್ದರಿಂದ ಸ್ವಂತ ಬ್ರ್ಯಾಂಡಿನ ಸರಕಿನಿಂದ ಹಾನಿಯಾದರೆ ಅಂಗಡಿಯನ್ನು ಬರಿಯ ಮಾರಾಟಗಾರನೆಂದು ಮಾತ್ರ ನೋಡಬೇಕಾಗಿಲ್ಲ, ತಯಾರಕನ ಹೊಣೆಯನ್ನೂ ಅದರ ಮೇಲೆ ಹೊರಿಸಲು ಅವಕಾಶವಿದೆ.

ಆಹಾರದ ಬಗೆಗಿನ ದೂರನ್ನು ಜಿಲ್ಲೆಯ ಆಹಾರ ಸುರಕ್ಷತೆಯ ಅಂಕಿತಾಧಿಕಾರಿಗೆ ಕೊಡಬಹುದು. ಕೊಂಡ ಪದಾರ್ಥವನ್ನು ಗ್ರಾಹಕರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕನ್ನೂ 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಂ ಕೊಟ್ಟಿದೆ, ಆದರೆ ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು. ಪದಾರ್ಥ ನಿಯಮಕ್ಕೆ ವಿರುದ್ಧವಾಗಿದೆ ಎಂದು ವರದಿ ಬಂದರೆ ಶುಲ್ಕ ಹಿಂದಿರುಗುತ್ತದೆ. ಅಧಿಕೃತ ಮಾದರಿಗಳ ವಿಶ್ಲೇಷಣಾ ವರದಿಯ ಬಗ್ಗೆ ತಕರಾರು ಎದ್ದಾಗ ಮಾದರಿಗಳು ಹೋಗುವ ದೇಶದ ಉನ್ನತ ಪ್ರಯೋಗಾಲಯಗಳಲ್ಲಿ ಒಂದು ಮೈಸೂರಿನಲ್ಲೇ, 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಇದೆ.

ಪರಿಹಾರ ಕೇಳುವುದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕಂಪನಿಯ ಕಚೇರಿ ಮುಂಬೈಯಲ್ಲಿದ್ದರೂ ದೂರುದಾರರು ತಾವು ವಾಸಿಸುವ ಮಂಡ್ಯದಲ್ಲೋ ಮೈಸೂರಿನಲ್ಲೋ ದೂರು ಸಲ್ಲಿಸಲು ಹೊಸ ಕಾಯ್ದೆ ಅವಕಾಶ ಮಾಡಿಕೊಟ್ಟಿದೆ. 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ದೂರು ಕೊಡಲು ಎರಡು ವರ್ಷದ ಅವಧಿಯಿದೆ. ಬಿಲ್ಲನ್ನೂ ಖಾಲಿ ಪೊಟ್ಟಣವನ್ನೂ ಎಸೆಯದೆ ಇಟ್ಟುಕೊಂಡಿರಬೇಕು, ಏಕೆಂದರೆ ಎದುರುದಾರರ ಪಟ್ಟಿಯಲ್ಲಿ ಅಂಗಡಿಯ ಜೊತೆಗೆ ಸೇರಿಸಬೇಕಾದ ತಯಾರಕರ ಹೆಸರು ಆ ಪೊಟ್ಟಣದ ಹಿಂಭಾಗದಲ್ಲಿ ಬಿಟ್ಟರೆ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ.